ಹೆಜ್ಜೇನಿನ ಪರವಾಗಿ

ಆ ಭಾನುವಾರ ನಾವು ಜಗಳವಾಡಿದ್ದು ಬೀವರ್ ಹೆಚ್ಚೋ ಹೆಜ್ಜೇನು ಹೆಚ್ಚೋ ಎಂಬ ವಿಷಯಕ್ಕೆ. ಹಾರನಹಳ್ಳಿಯ ನಮ್ಮ ತೆಂಗಿನ ತೋಟದಲ್ಲಿ, ನೀರಿನ ತೊಟ್ಟಿಯ ಪಕ್ಕದ ಹೆಜ್ಜೇನು ಕಟ್ಟಿದ್ದ ಆಲದ ಕೆಳಗೆ ಕೂತು, ನಮ್ಮ ಯಜಮಾನರು ಮೊಬೈಲಿನಲ್ಲಿ ಆ ಪ್ರಾಣಿಯನ್ನು ತೋರಿಸಿದರು. ಚಳಿ ದೇಶದ್ದು, ಇಲಿಯ ಜಾತಿ, ಆದರೆ ನಾಯಿಯಷ್ಟು ದಪ್ಪ. ಹಲ್ಲಿನಿಂದ ಮರ ಕಡಿದು ಹೊಳೆಗೆ ಒಡ್ಡು ಕಟ್ಟುತ್ತದೆ.

"ನೋಡೇ, ಗಂಡ ಹೆಂಡ್ತಿ ಸಾಯೋವರ್ಗೂ ಒಂದೇ ಮನೇಲಿ ಇರ್ತವೆ. ನಿನ್ನ ಹೆಜ್ಜೇನು? ನಾಕು ತಿಂಗ್ಳು ನೇತಾಡಿ ಗಂಟುಮೂಟೆ ಕಟ್ತವೆ."

"ನಿಮ್ಮ ಬೀವರ್ ಇಲ್ಲಿಗೆ ಬಂದ್ರೆ ಒಂದು ತೆಂಗೂ ಉಳ್ಸಲ್ಲ ಕಣ್ರೀ. ನನ್ನ ಜೇನು ಒಂದು ಎಲೆನಾದ್ರೂ ಹರ್ದೈತಾ?"

ಹೆದರಿದಾಗ ಬೀವರ್ ಬಾಲದಿಂದ ನೀರಿಗೆ ಬಡಿದು ತನ್ನವರನ್ನು ಎಚ್ಚರಿಸುತ್ತದಂತೆ. ಅದನ್ನು ತೋರಿಸಲು ತೆಂಗಿನ ಮಟ್ಟೆ ತೆಗೆದು ತೊಟ್ಟಿಯ ನೀರಿಗೆ ಫಟಾರನೆ ಹೊಡೆದರು. ಮೇಲೆ ಹೆಜ್ಜೇನಿನ ಹಿಂಡಿನಲ್ಲಿ ಅಲೆಯೊಂದು ಓಡಿತು. ಅವು ಎಚ್ಚರಿಸುವುದು ಹಾಗೆ. ಎರಡು ಇಳಿದು ಬಂದು ಅವರ ಕುತ್ತಿಗೆಗೆ ಕಚ್ಚಿದವು. ನಾನು ಉಗುರಿನಿಂದ ಮುಳ್ಳು ಕಿತ್ತು ಸುಣ್ಣ ಹಚ್ಚಿದೆ.

"ಜಡ್ಜೇ ನಿನ್ನ ಕಡೆ ಆದ್ರೆ ನಾನೇನ್ ಮಾಡ್ಲಿ?" ಎಂದು ನಕ್ಕರು.

ಮರುದಿನ ಬಾಣಾವರದ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಕುಸಿದು ತೀರಿಕೊಂಡರು. ಹೃದಯಾಘಾತ ಎಂದು ಡಾಕ್ಟರು ಬರೆದುಕೊಟ್ಟರು. ನಂಟರಿಗೆ ಕಂಡದ್ದು ಕುತ್ತಿಗೆಯ ಎರಡು ಬಾವು ಮಾತ್ರ.

ತೋಟದಲ್ಲೇ, ಆ ಆಲದ ಹತ್ತಿರ ಮಣ್ಣು ಮಾಡಿದೆವು. ಹನ್ನೊಂದನೆಯ ದಿನದ ಕಾರ್ಯಕ್ಕೆ ಮುಂಚೆ ಭಾವ, ಅಂದರೆ ಅವರ ಅಣ್ಣ, ಉದ್ದ ಬಿದಿರಿನ ಗಳುವಿಗೆ ತೆಂಗಿನ ಒಣಗರಿ ಕಟ್ಟಿಕೊಂಡು ಬಂದರು.

"ನನ್ನ ತಮ್ಮನ್ನ ತಿಂದಿರೋ ಜೇನು ಕಣಮ್ಮ. ಸಮಾಧಿ ಪೂಜೆಗೆ ಜನ ಬತ್ತಾರೆ, ಧೂಪದ ಹೊಗೆಗೆ ಎದ್ದು ಬಿಡ್ತವೆ. ಸುಟ್ಟಾಕ್ತೀನಿ, ಪಕ್ಕಕ್ಕೆ ಬಾ."

"ತಿಂದಿದ್ದು ಹಾರ್ಟು, ಭಾವ. ಡಾಕ್ಟ್ರ ಕಾಗದ ಓದಿ. ಸುಡೋದಾದ್ರೆ ನಾನು ಇಲ್ಲೇ ನಿಂತಿರ್ತೀನಿ."

"ಹುಚ್ಚು ಹಿಡೀತಾ ನಿಂಗೆ?"

"ಹಿಡ್ದಿರ್ಲಿ ಬಿಡಿ."

ಅವರು ಗಳು ಕೆಳಗಿಟ್ಟರು. ಧೂಪವಿಲ್ಲ, ಕರ್ಪೂರವಿಲ್ಲ, ವಿಭೂತಿ, ಬಿಲ್ವಪತ್ರೆ, ನೀರು ಇಷ್ಟರಲ್ಲೇ ಪೂಜೆ ಮುಗಿಸಿದೆವು. ಇದೆಂಥ ಕಾರ್ಯ ಎಂದು ಕೆಲವರು ಊಟಕ್ಕೆ ಕೂರದೆ ಹೋದರು. ಕೂತವರಿಗೆ ನಾನೇ ಎರಡೆರಡು ಸಲ ಬಡಿಸಿದೆ. ಯಾರಿಗೂ ಒಂದು ಜೇನೂ ಕಚ್ಚಲಿಲ್ಲ.

ಬೀವರ್ ಕಟ್ಟಿದ ಒಡ್ಡಿನಿಂದ ಮೀನು, ಹಕ್ಕಿಗಳೂ ಬದುಕುತ್ತವಂತೆ. ಅಷ್ಟನ್ನು ಈಗ ಒಪ್ಪುತ್ತೇನೆ. ಆದರೆ ಬಿಟ್ಟುಹೋಗುವುದೇ ತಪ್ಪು ಎಂಬುದನ್ನು ಒಪ್ಪುವುದಿಲ್ಲ. ಹೂವಿನ ಕಾಲ ಮುಗಿದಾಗ ಹೆಜ್ಜೇನು ತಾವಾಗಿಯೇ ಎದ್ದು ಹೋದವು, ಯಾರೂ ಓಡಿಸಲಿಲ್ಲ.

ಜೇನು ಕಟ್ಟಿದ್ದ ಆ ಕೊಂಬೆಯನ್ನಾದರೂ ಕಡಿಸು ಎಂದು ಭಾವ ಈಗಲೂ ಹೇಳುತ್ತಾರೆ. ಕಡಿಸಿಲ್ಲ, ಕಡಿಸುವುದೂ ಇಲ್ಲ. ಪ್ರತಿ ವರ್ಷ ಹೊಂಗೆ ಹೂ ಬಿಡುವ ಹೊತ್ತಿಗೆ ಅವು ಅದೇ ಕೊಂಬೆಗೆ ಮರಳುತ್ತಿದ್ದವು. ಈ ವರ್ಷ ಹೊಂಗೆ ಹೂ ಬಿಟ್ಟು ಉದುರಿಯೂ ಆಯಿತು. ಜೇನು ಇನ್ನೂ ಬಂದಿಲ್ಲ.