ಲಿಸಿಯಾತೆಯ ಸುಳ್ಳು ಮುಳ್ಳು

ಮುಟ್ಟಿದರೆ ಮುನಿ ಗಿಡವನ್ನು ನಮ್ಮ ಟೊಂಗಾ ದ್ವೀಪದಲ್ಲಿ ಯಾರೂ ಮುನಿ ಮಾಡಿ ಕೂರಿಸಿಲ್ಲ. ಅದಕ್ಕಿಲ್ಲಿ ‘ಮಾತೆಲೋಯಿ’ ಎನ್ನುತ್ತಾರೆ, ಅಂದರೆ ಸತ್ತಂತೆ ನಟಿಸುವುದು. ನಮ್ಮೂರ ಲಿಸಿಯಾತೆಗೂ ಅದೇ ಅಡ್ಡಹೆಸರು. ಯಾರಾದರೂ ಗುದ್ದಲಿ ಎತ್ತಿದರೆ ಸಾಕು, ಚಾಪೆಯ ಮೇಲೆ ಅವನ ಪ್ರಾಣ ಹೋಗಿರುತ್ತಿತ್ತು. ಊಟದ ಹೊತ್ತಿಗೆ ಮರಳಿ ಬರುತ್ತಿತ್ತು.

ಇಂಥವನು ಫೂಸಿ ಎಂಬ ಹುಡುಗಿಯನ್ನು ಮದುವೆಯಾಗುತ್ತೇನೆಂದ. ಅವಳ ಅಪ್ಪ ಒಪ್ಪಿದ, ಅವಳಂತೂ ಮೊದಲೇ ಒಪ್ಪಿದ್ದಳು. ಆದರೆ ಅಪ್ಪನ ಅಕ್ಕ ಹೂಂ ಅನ್ನದೆ ನಮ್ಮಲ್ಲಿ ಏನೂ ನಡೆಯುವುದಿಲ್ಲ. ಆ ಸೋದರತ್ತೆ ಮೆಲೆನೈತೆ ಹೇಳಿದಳು: “ನನ್ನ ಗೆಣಸಿನ ತೋಟದ ಮಾತೆಲೋಯಿಯನ್ನೆಲ್ಲ ಸಾಯಿಸು. ಶನಿವಾರ ಬಂದು ನೋಡ್ತೀನಿ. ಆಮೇಲೆ ಹೆಣ್ಣಿನ ಮಾತು.”

ಶನಿವಾರದ ತನಕ ಲಿಸಿಯಾತೆ ತಾನೇ ಸತ್ತಿದ್ದ. ಅತ್ತೆ ಬರುವ ಹೊತ್ತಿಗೆ ಎದ್ದು ಸಿಗರೇಟು ಹಚ್ಚಿದ. ಈ ಗಿಡವನ್ನು ಮೆಲ್ಲಗೆ ಮುಟ್ಟಿದರೆ ಮುಟ್ಟಿದ ಎಲೆಯಷ್ಟೇ ಮಡಚಿಕೊಳ್ಳುತ್ತದೆ. ತುದಿಯನ್ನು ಸುಟ್ಟರೆ ಗಾಯದ ಸುದ್ದಿ ಕಾಂಡದೊಳಗೇ ಹರಿದು, ಯಾರೂ ಮುಟ್ಟದ ಎಲೆಗಳೂ ಒಂದರ ಹಿಂದೊಂದು ಮಲಗುತ್ತವೆ. ಸೋಮಾರಿಗೆ ಇಷ್ಟು ಸಸ್ಯಶಾಸ್ತ್ರ ಸಾಕು. ಗಿಡಗಿಡಕ್ಕೂ ಬಿಸಿ ಮುಟ್ಟಿಸುತ್ತ ಓಡಿದ. ತೋಟದ ತುಂಬ ಕಂದು ಕಡ್ಡಿಗಳು.

ಫೂಸಿಯನ್ನು ಕರೆದುಕೊಂಡು ಬಂದ ಅತ್ತೆ ಕೇಳಿದಳು: “ಸತ್ತಿವೆಯೇನೋ?”

“ಪೂರಾ ಸತ್ತಿವೆ ಅತ್ತೆ. ಹೆಣ ಎತ್ತೋದಷ್ಟೇ ಬಾಕಿ.”

“ಹಾಗಾದ್ರೆ ಒಂದು ಪ್ರಾರ್ಥನೆ ಮಾಡೋಣ.” ಅತ್ತೆ ಕಣ್ಣು ಮುಚ್ಚಿದಳು.

ಅತ್ತೆಯ ಪ್ರಾರ್ಥನೆ ಆದಾಮನಿಂದ ಶುರುವಾಗುತ್ತದೆ. ನೋಹನ ನಾವೆ ತೇಲುವಷ್ಟರಲ್ಲಿ ಎಲೆಗಳು ಒಂದೊಂದಾಗಿ ಕಣ್ಣು ಬಿಟ್ಟವು. ಲಿಸಿಯಾತೆ ಮೆಲ್ಲಗೆ ಬಗ್ಗಿ, ಕಾಲ ಬಳಿಯ ತುದಿಗೆ ಸಿಗರೇಟು ಒತ್ತಿದ. ಎಲೆಗಳು ಸಾಲಾಗಿ ಮಲಗುತ್ತ ಅತ್ತೆಯ ಪಾದದವರೆಗೂ ಹೋದವು. ಫೂಸಿ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು.

“ದೇವರೇ,” ಎಂದಳು ಅತ್ತೆ, ಒಂದೇ ಕಣ್ಣು ಮುಚ್ಚಿಕೊಂಡು, “ಸತ್ತವರನ್ನ ಎಬ್ಬಿಸಿದ್ದಕ್ಕೆ ಸ್ತೋತ್ರ. ಅವರನ್ನ ಎರಡನೇ ಸಲ ಸಾಯಿಸ್ತಿರೋ ಈ ಕತ್ತೆಯ ಕೈಯಿಂದ ಸಿಗರೇಟು ಬೀಳಿಸಪ್ಪಾ. ಆಮೆನ್.”

ಸಿಗರೇಟು ಬಿತ್ತು.

“ಅತ್ತೆ, ಮದುವೆ...?”

“ಮೊದಲು ಬೇರಿಗೆ ಕೈ ಹಾಕು.”

ಹಾಕಿದ. ಬೆರಳಿಗೊಂದು ಮುಳ್ಳು ತಾಗಿದರೆ ಮೈಯೆಲ್ಲ ಮಡಚಿಕೊಳ್ಳುತ್ತಿದ್ದ. ಫೂಸಿ “ಏಳೋ ಹೆಣವೇ” ಎಂದು ಮುಳ್ಳು ಕಿತ್ತರೆ ಅರಳುತ್ತಿದ್ದ. ಹೀಗೆ ಎಷ್ಟೋ ವಾರ ಕಳೆದ ಮೇಲೆ ಕೊನೆಯ ಬೇರನ್ನು ತಂದು ಅತ್ತೆಯ ಮುಂದಿಟ್ಟ. ಅವಳು ಅದನ್ನು ಒಲೆಗೆ ಹಾಕಿ, ಬೂದಿಯಾಗುವವರೆಗೂ ಕಣ್ಣು ಮಿಟುಕಿಸದೆ ಕೂತಳು.

“ಹೂಂ, ಇದು ಸತ್ತಿತು,” ಎಂದಳು. “ಇನ್ನು ನೀವಿಬ್ಬರೂ ಬದುಕ್ಕೊಳ್ಳಿ.”