ಸುಡದೆ ಬಿಟ್ಟ ರವದಿ

ಮಣ್ಣು ಮೂಸುವಾಗ ಕಾಕುವಿನ ಎಡಗಣ್ಣು ಮುಚ್ಚಿಕೊಳ್ಳುತ್ತಿತ್ತು. ಜನರ ಮಾತು ಕೇಳುವಾಗಲೂ ಹಾಗೇ. ಬೀಜದ ಅಂಗಡಿಯವನು, ಮದುವೆಯ ದಲ್ಲಾಳಿ, ಧಾರವಾಡದಲ್ಲಿ ಓದಿ ಬಂದ ನಾನು, ಯಾರೇ ಮಾತಾಡಲಿ, ಮೊದಲು ಆ ಕಣ್ಣು ಮುಚ್ಚಬೇಕು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು: “ನಂಬಬ್ಯಾಡ, ಕೆದರಿ ನೋಡ.”

ಕಾಕು ನನ್ನ ತೀರಿಹೋದ ಚಿಕ್ಕಪ್ಪನ ಹೆಂಡತಿ. ನಮ್ಮೂರು ಗಲಗಲಿಯಲ್ಲಿ, ಹೊಳೆಯ ಕಡೆ, ನಮ್ಮ ಹೊಲಕ್ಕೆ ಒತ್ತಿಕೊಂಡೇ ಅವಳ ಪಾಲಿನ ತುಂಡು.

ಒಮ್ಮೆ ಸಮುದಾಯ ಭವನಕ್ಕೆ ಪಟ್ಟಣದ ತರುಣನೊಬ್ಬ ಬಂದು ಪರ್ಮಾಕಲ್ಚರ್ ಎಂಬ ಬೇಸಾಯದ ಬಗ್ಗೆ ಹೇಳಿದ. ನೆಲ ಸುಡಬೇಡಿ, ಬರಿದಾಗಿ ಬಿಡಬೇಡಿ, ಒಂದೇ ಬೆಳೆಗೆ ಜೋತುಬೀಳಬೇಡಿ. ಹೊಲ ಬದಲಾದರೆ ಬದುಕುವ ರೀತಿಯೇ ಬದಲಾಗುತ್ತದೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕು ಎದ್ದು ನಿಂತಳು.

“ತಮ್ಮಾ, ನಿನ್ನ ಹೊಲ ಎಲ್ಲೈತಿ?”

“ಹೊಲ ಇಲ್ರಿ ಅಕ್ಕಾರ. ಮಾಳಿಗಿ ಮ್ಯಾಲ ಕುಂಡ ಅದಾವ್ರಿ.”

“ಹಂಗಾರ ಮೊದಲ ನಾ ಮಾಡಿ ನೋಡ್ತೇನಿ. ಖರೆ ಆದ್ರ ನಿನಗ ಹೇಳಿ ಕಳಸ್ತೇನಿ.”

ಮಾಡಿದಳು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗರಿಗೆ, ಅಂದರೆ ರವದಿಗೆ, ಬೆಂಕಿ ಹಚ್ಚುವುದು ಊರಿನ ರೂಢಿ. ಆಗ ಆಕಾಶದಿಂದ ಕರಿಬೂದಿ ಉದುರಿ ಒಣಹಾಕಿದ ಬಟ್ಟೆಯನ್ನೆಲ್ಲ ಮತ್ತೆ ಒಗೆಯಬೇಕು. ಕಾಕು ಮಾತ್ರ ರವದಿಯನ್ನು ಸಾಲುಗಳ ನಡುವೆ ಹಾಸಿ ಅಲಸಂದಿ ಊರಿದಳು, ಬದುವಿಗೆ ನುಗ್ಗೆ ಹಚ್ಚಿದಳು. “ರವದಿಯಾಗ ಹಾವು ಸಾಕ್ಯಾಳ” ಎಂದು ಊರು ಆಡಿಕೊಂಡಿತು.

ನಮ್ಮ ಕಬ್ಬು ಕಡಿದಾದ ಮೇಲೆ ಅಪ್ಪ ಕಡ್ಡಿಪೆಟ್ಟಿಗೆ ಹಿಡಿದು ಹೋದಾಗ ಅವಳು ಕೊಡಗಳಲ್ಲಿ ನೀರು ತುಂಬಿಟ್ಟುಕೊಂಡು ಬದುವಿನ ಮೇಲೆ ಕೂತಿದ್ದಳು. ಗಾಳಿ ಅವಳ ಕಡೆಗೇ ಬೀಸುತ್ತಿತ್ತು. ಒಂದು ಕಿಡಿ ಹಾರಿದ್ದರೆ ಅವಳು ಹಾಸಿದ್ದೆಲ್ಲ ಬೂದಿ.

“ಭಾವಾರ, ಎಳ್ಳ ಅಮಾಸಿಗಿ ಭೂಮ್ತಾಯಿಗಿ ಚರಗಾ ಚೆಲ್ಲಿ ಕೈ ಮುಗದ್ರಿ. ಈಗ ಆಕಿ ಸೀರಿಗೇ ಬೆಂಕಿ ಹಚ್ಚತೀರೇನು?”

“ಸುಡದಿದ್ರ ಕಡಿದ ಬುಡದಾಗ ಕುಳೆ ಒಡ್ಯಾಂಗಿಲ್ಲವಾ. ನಿನ್ನ ಮಾತ ಹೆಂಗ ನಂಬಲಿ?”

“ನಂಬಬ್ಯಾಡ್ರಿ. ಅರ್ಧಾ ಸುಡ್ರಿ, ನನ್ನ ಕಡೀದ ಅರ್ಧಾ ಬಿಡ್ರಿ. ಆಮ್ಯಾಲ ಕೆದರಿ ನೋಡ್ರಿ.”

ಅಪ್ಪ ಅರ್ಧ ಸುಟ್ಟು, ಅರ್ಧ ಬಿಟ್ಟ. ಮನೆಗೆ ಬಂದು ಅವ್ವನ ಮುಂದೆ ಗೊಣಗಿದ: “ಇವತ್ತ ರವದಿ ಬಿಡು ಅಂತಾಳ, ನಾಳೆ ಹೊಲಾ ಬಿಡು ಅಂತಾಳ. ನೋಡ್ತಿರು.”

ನನಗಿದ್ದ ಅನುಮಾನ ಕಾಕುವಿನ ಮೇಲಲ್ಲ, ಆ ತರುಣನ ದೊಡ್ಡ ಮಾತಿನ ಮೇಲೆ. ಕುಂಡದಲ್ಲಿ ಹುಟ್ಟಿದ ಮಾತು ಊರಿನ ರೂಢಿಯನ್ನು ಹೇಗೆ ಮುಟ್ಟೀತು?

ಆ ಬೇಸಿಗೆಯಲ್ಲೇ ಕಾಕು ನಿದ್ದೆಯಲ್ಲಿ ಹೋದಳು. ಅವಳ ಹೊಲದ ಮೂಲೆಯಲ್ಲೇ ಮಣ್ಣು ಮಾಡಿದೆವು. ಎಲ್ಲರೂ ಕುಣಿಯ ಪಕ್ಕದ ರಾಶಿಯಿಂದ ಹಿಡಿಮಣ್ಣು ಹಾಕಿದರು. ಅಪ್ಪ ಮಾತ್ರ ಬದು ದಾಟಿ ನಮ್ಮ ಹೊಲಕ್ಕೆ ಹೋದ. ಸುಟ್ಟ ಕಡೆಯ ನೆಲ ಬಿಸಿಲಿಗೆ ಬಾಯಿಬಿಟ್ಟಿತ್ತು. ಅವನು ಸುಡದ ಕಡೆ ಬಾಗಿ, ರವದಿ ಸರಿಸಿ, ಕೆದರಿದ. ಮುಷ್ಟಿಯಲ್ಲಿ ಬಂದದ್ದು ಕಪ್ಪಗೆ, ಹಸಿಯಾಗಿತ್ತು. ಕುಣಿಯ ಅಂಚಿಗೆ ಬಂದು, ಹಾಕುವ ಮೊದಲು, ಅದನ್ನು ಮೂಗಿಗೆ ಹಿಡಿದ. ಎಡಗಣ್ಣು ಮುಚ್ಚಿತ್ತು.

ಅಂದಿನಿಂದ ನಮ್ಮ ಹೊಲದ ರವದಿ ಸುಟ್ಟಿಲ್ಲ. ಈ ಸಲ ಆಚೆ ಹೊಲದವರೂ ಒಂದು ತುದಿ ಸುಡದೆ ಬಿಟ್ಟಿದ್ದಾರೆ. ಇದಕ್ಕೊಂದು ದೊಡ್ಡ ಹೆಸರಿಡಲು ನನಗೆ ಮನಸ್ಸಾಗುವುದಿಲ್ಲ. ಆ ಹಿಂಜರಿಕೆಯೂ ಕಾಕು ಕೊಟ್ಟದ್ದೇ.

“ಕಾಕು ಹೇಳಿದ್ದು ನಂಬಿದಿ ಏನಪ್ಪಾ?” ಎಂದು ಕೇಳಿದೆ.

“ನಂಬೂದೇನ ಬಂತು,” ಎಂದ ಅಪ್ಪ. “ನೋಡಾಕತ್ತೇನಿ.”