ಗಟ್ಟಿಮೇಳದ ನಡುವೆ ಉಬ್ಬಸ

ವರ ತಾಳಿ ಎತ್ತಿದ, ಗಟ್ಟಿಮೇಳ ಮೊಳಗಿತು. ಅಷ್ಟರಲ್ಲಿ ನನ್ನ ಮಗಳು ಕೈ ಅಡ್ಡ ಹಿಡಿದಳು. ಚನ್ನಗಿರಿಯ ಮದುವೆ ಮನೆಯಲ್ಲಿ ಹೆಣ್ಣು ತಾಳಿ ತಡೆದರೆ ಜನ ಏನೇನು ಕಥೆ ಕಟ್ಟುತ್ತಾರೋ! ಕಾರಣ ನನಗೆ ಗೊತ್ತಿತ್ತು: ಸಾಂಬ್ರಾಣಿ ಹೊಗೆಗೆ ಅವಳ ಉಬ್ಬಸ ಕೆರಳಿತ್ತು. ಬೀಗರಿಗೆ ಮೊದಲೇ ತಿಳಿಸಿದ್ದೆವು. ಆದರೆ ಕೇಳಿ ಒಪ್ಪಿದವರು ಕಣ್ಣಾರೆ ಕಂಡ ಮೇಲೂ ಒಪ್ಪುತ್ತಾರೆಯೇ?

ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಉಬ್ಬಸದ ಪಂಪು ತೆಗೆದು, ದಾವಣಗೆರೆ ಡಾಕ್ಟರು ಕಲಿಸಿದಂತೆ ನಿಧಾನವಾಗಿ ಉಸಿರೆಳೆದುಕೊಂಡಳು. ನಾನು ಬೀಸಣಿಗೆ ಹಿಡಿದು ಮಂಟಪಕ್ಕೆ ನುಗ್ಗಿದೆ.

"ಅಪ್ಪಾಜಿ, ನೀವು ಕುಂತ್ಕೊಳ್ರಿ. ನಿಮ್ಮ ಮುಖ ನೋಡೇ ಜನ ಹೆದರ್ತಾರೆ," ಎಂದಳು.

ಗಂಡಿನ ತಾಯಿ ಎದ್ದು ನಿಂತರು. ಮದುವೆ ಮುರಿಯಿತು ಎಂದುಕೊಂಡೆ.

"ಆ ಹೊಗೆ ಹೊರಗೆ ಒಯ್ರಿ. ವಾಲಗದೋರು ಊದ್ತಾ ಇರ್ರಿ, ಹುಡುಗಿ ಸುಧಾರಿಸ್ಕೊಳ್ಳಾಕೆ ಟೈಮ್ ಐತೆ," ಎಂದರು.

ವಾಲಗದವರು ಕೆನ್ನೆ ಕೆಂಪಾಗುವವರೆಗೆ ಊದಿದರು. ಉಸಿರು ಹದಕ್ಕೆ ಬಂದ ಮೇಲೆ ಮಗಳು ತಾನೇ ಕತ್ತು ಬಾಗಿಸಿದಳು.

ಈಗ ಅವಳು ಉಬ್ರಾಣಿಯಲ್ಲಿ ಶಾಲೆಯ ಕೆಲಸ, ಹೊಲ, ಮಕ್ಕಳು ಎಂದು ಓಡಾಡಿಕೊಂಡಿದ್ದಾಳೆ. ಔಷಧಿ ಮಾತ್ರ ತಪ್ಪಿಸುವುದಿಲ್ಲ. ನೋಡಲು ಹೋಗುವಾಗಲೆಲ್ಲ, "ಉಸಿರು ಹೆಂಗೈತಮ್ಮ" ಎಂದು ಕೇಳಬಾರದೆಂದು ಬಸ್ಸಿನಲ್ಲೇ ನಿರ್ಧರಿಸಿರುತ್ತೇನೆ. ಬಾಗಿಲಲ್ಲೇ ಕೇಳಿಬಿಡುತ್ತೇನೆ.